ಒಪ್ಪಿಕೊಂಡು ದಂಡ ಕಟ್ಟಿ ಮನೆಗೆ ಹೋಗಿ!

"ಮೊದಲ ಸಲ ಸಿಕ್ಕಿದವನಿಗೇ ಸರಿಯಾಗಿ ಬಿಸಿ ಮುಟ್ಟಿಸಬೇಕು, ಆಗ ಎರಡನೆಯ ಸಲದ ಮಾತೇ ಬರುವುದಿಲ್ಲ."

ಗಾಂಜಾ, ಮಾತ್ರೆ, ಪುಡಿಗಳ ಸುದ್ದಿ ಪತ್ರಿಕೆಯಲ್ಲಿ ಬಂದ ದಿನವೆಲ್ಲ ಈ ಮಾತು ನನ್ನ ಕಿವಿಗೆ ಬೀಳುತ್ತದೆ. ವಾಚಕರ ಪತ್ರಗಳಲ್ಲಿ ಇದೇ. ಬೆಳಗಿನ ತಿರುಗಾಟ ಮುಗಿಸಿ ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತ ನಿವೃತ್ತ ಮಹನೀಯರ ಬಾಯಲ್ಲೂ ಇದೇ. ಹೇಳುವವರು ಕೆಟ್ಟವರೇನೂ ಅಲ್ಲ. ಮಕ್ಕಳು ಮೊಮ್ಮಕ್ಕಳುಳ್ಳವರು, ಊರಿನ ಕ್ಷೇಮವನ್ನು ಬಯಸುವವರು. ಆದರೆ ಇದೇ ಮಹನೀಯರಲ್ಲಿ ಒಬ್ಬರ ಮನೆಗೆ ರಾತ್ರಿ ಹನ್ನೊಂದು ಗಂಟೆಗೆ ಠಾಣೆಯಿಂದ ಫೋನು ಬಂದರೆ, ಮರುದಿನ ಬೆಳಿಗ್ಗೆ ಅವರು ಆಡುವ ಮಾತೇ ಬೇರೆ: "ಹುಡುಗ ಒಳ್ಳೆಯವನು, ಸಹವಾಸದೋಷ, ಮೊದಲ ಸಲ, ಏನಾದರೂ ದಾರಿ ಇದೆಯೆ?"

ದಾರಿಗಳಿವೆ. ಅವು ಇರುವ ರೀತಿ, ಅವನ್ನು ಮುಚ್ಚಿಟ್ಟಿರುವ ರೀತಿ, ಎಲ್ಲಕ್ಕಿಂತ ಹೆಚ್ಚಾಗಿ ಅವುಗಳಲ್ಲಿ ಅತ್ಯಂತ ಹಾನಿಕರವಾದುದನ್ನೇ ದಯೆಯೆಂಬ ಹೆಸರಿನಲ್ಲಿ ಜನರ ಕೈಗೆ ಕೊಡುತ್ತಿರುವ ರೀತಿ, ಇವುಗಳ ವಿಷಯದಲ್ಲಿ ನನಗೆ ತಕರಾರಿದೆ. ನಲವತ್ತು ವರ್ಷ ಕಪ್ಪು ಕೋಟು ತೊಟ್ಟು ಈಗ ಅದನ್ನು ಗೂಟಕ್ಕೆ ಹಾಕಿರುವ ನಾನು ಗಾಂಜಾದ ಪರವಾಗಿ ವಕಾಲತ್ತು ವಹಿಸಲು ಬಂದಿಲ್ಲ. ಆ ಸೊಪ್ಪಿನಿಂದ, ಅದಕ್ಕಿಂತ ಹತ್ತುಪಾಲು ಕೆಟ್ಟದಾದ ಪುಡಿಗಳಿಂದ ಹಾಳಾದ ಮನೆಗಳನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಮಾತೇನಿದ್ದರೂ ಕಾನೂನಿನ ಮೇಲೆ, ಕಾನೂನಿನವರ ಮೇಲೆ.

ಮೊದಲು ಕಾನೂನು ಏನೆಂಬುದನ್ನು ನೋಡೋಣ. 1985ರಲ್ಲಿ ಪಾರ್ಲಿಮೆಂಟು ಮಾಡಿದ ಎನ್.ಡಿ.ಪಿ.ಎಸ್. ಕಾಯಿದೆಯೇ ಇಂದಿಗೂ ನಡೆಯುತ್ತಿರುವುದು. ಅದಕ್ಕೆ ಹಿಂದೆ ಬ್ರಿಟಿಷರ ಕಾಲದ ಅಫೀಮಿನ ಕಾಯಿದೆಗಳೂ 1930ರ ಅಪಾಯಕಾರಿ ದ್ರವ್ಯಗಳ ಕಾಯಿದೆಯೂ ಇದ್ದವು. ಹೊಸ ಕಾಯಿದೆ ಬಂದಾಗ ಶಿಕ್ಷೆ ಎಂಥ ಕಠಿಣವಾಗಿತ್ತೆಂದರೆ, ಸ್ವಂತ ಬಳಕೆಯ ಚೂರು ಪಾರು ಬಿಟ್ಟರೆ ಮಿಕ್ಕ ಅನೇಕ ಅಪರಾಧಗಳಿಗೆ ಹತ್ತು ವರ್ಷಕ್ಕೆ ಕಡಮೆ ಇಲ್ಲ. ಇದು ಅತಿಯಾಯಿತೆಂದು ತೋರಿ 2001ರಲ್ಲಿ ತಿದ್ದುಪಡಿ ಮಾಡಿ, ತೂಕದ ಮೇಲೆ ಶಿಕ್ಷೆಯೆಂಬ ಏರ್ಪಾಟು ತಂದರು. ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ, ಇವೆರಡರ ನಡುವಿನದು ಎಂದು ಮೂರು ತರಗತಿಗಳು. ಗಾಂಜಾ ಒಂದು ಕಿಲೋವರೆಗೆ ಅಲ್ಪ, ಇಪ್ಪತ್ತು ಕಿಲೋ ದಾಟಿದರೆ ವಾಣಿಜ್ಯ. ಹೆರಾಯಿನ್ ಐದು ಗ್ರಾಂ ಅಲ್ಪ, 250 ಗ್ರಾಂ ಮೀರಿದರೆ ವಾಣಿಜ್ಯ. ಈಗಿನ ಹುಡುಗರ ಬಾಯಲ್ಲಿ ಓಡಾಡುವ ಎಂ.ಡಿ.ಎಂ.ಎ. ಎಂಬುದು ಅರ್ಧ ಗ್ರಾಂವರೆಗೆ ಅಲ್ಪ. ಹತ್ತು ಗ್ರಾಂ ದಾಟಿತೋ, ಕಡಮೆಯೆಂದರೆ ಹತ್ತು ವರ್ಷದ ಕಠಿಣ ಸಜಾ. ಇದಕ್ಕೆ ಇನ್ನೊಂದು ಗಂಟು: ಮಾಲಿನಲ್ಲಿ ಬೆರೆಸಿದ ಹಿಟ್ಟು ಸಕ್ಕರೆಗಳ ತೂಕವನ್ನು ಕಳೆಯುವಂತಿಲ್ಲ, ಒಟ್ಟು ತೂಕವೇ ಲೆಕ್ಕವೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೀರಾ ಸಿಂಗ್ ಮೊಕದ್ದಮೆಯಲ್ಲಿ ತೀರ್ಮಾನಿಸಿತು.

ವಾಣಿಜ್ಯ ಪ್ರಮಾಣದ ಮಾತನ್ನು ನಾನಿಲ್ಲಿ ಎತ್ತುವುದಿಲ್ಲ. ಅಲ್ಲಿ 37ನೆಯ ಕಲಮಿನ ಬಾಗಿಲು ಎಷ್ಟು ಭದ್ರವೆಂದರೆ, ಆಪಾದಿತ ನಿರ್ದೋಷಿಯೆಂದು ನಂಬಲು ಕಾರಣಗಳಿವೆ, ಬಿಟ್ಟರೆ ಮತ್ತೆ ಅಪರಾಧ ಮಾಡಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗದೆ ಜಾಮೀನಿಲ್ಲ. ಹದಿನೆಂಟು ತುಂಬದವರ ಮಾತೂ ಬೇರೆ. ಅವರಿಗೆ ಬಾಲನ್ಯಾಯ ಮಂಡಳಿಯಿದೆ. ನನ್ನ ಚಿಂತೆ ನಡುವಿನವನದು: ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು, ಜೇಬಿನಲ್ಲಿ ಹತ್ತು ಹನ್ನೆರಡು ಗ್ರಾಂ ಗಾಂಜಾದ ಪೊಟ್ಟಣ, ಹಿಂದೆಂದೂ ಠಾಣೆಯ ಮೆಟ್ಟಿಲು ಹತ್ತದವನು.

ಇಂಥವನೊಬ್ಬನ ತಂದೆ ಕೆಲವು ತಿಂಗಳ ಹಿಂದೆ ನನ್ನಲ್ಲಿಗೆ ಬಂದಿದ್ದರು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಮಗ ಇಂಜಿನಿಯರಿಂಗ್ ಕೊನೆಯ ವರ್ಷ. ಹುಡುಗನನ್ನು ನ್ಯಾಯಾಲಯಕ್ಕೆ ತಂದ ದಿನ ವರಾಂಡದಲ್ಲಿ ನಡೆದ ಮಾತನ್ನು ಅವರು ಹೇಳಿದಂತೆಯೇ ಬರೆಯುತ್ತೇನೆ.

"ಏನೂ ಹೆದರಬೇಡಿ ಯಜಮಾನರೇ, ಸಣ್ಣ ಕೇಸು. ಒಪ್ಪಿಕೊಂಡುಬಿಡಲಿ. ದಂಡ ಕಟ್ಟಿದರೆ ಊಟದ ಹೊತ್ತಿಗೆ ಮನೆಯಲ್ಲಿರುತ್ತಾನೆ."

"ಆಮೇಲೆ ಏನೂ ತೊಂದರೆ ಇಲ್ಲವೇ ಸಾರ್?"

"ಏನು ತೊಂದರೆ? ಮುಗಿದೇ ಹೋಯಿತಲ್ಲ!"

ಹೀಗೆಂದವರು ಯಾರೋ ಒಬ್ಬ ಕಿರಿಯ ವಕೀಲರು. ಅವರನ್ನು ದೂಷಿಸಿ ಫಲವಿಲ್ಲ. ಎಲ್ಲರೂ ಹೇಳುವುದನ್ನೇ ಅವರೂ ಹೇಳಿದರು. ಪೋಲೀಸಿನವರಿಗೆ ಒಂದು ಕೇಸು ಶಿಕ್ಷೆಯಲ್ಲಿ ಕೊನೆಗಂಡ ಲೆಕ್ಕ; ನ್ಯಾಯಾಲಯಕ್ಕೆ ಬಾಕಿಯ ಪಟ್ಟಿಯಿಂದ ಒಂದು ಇಳಿದ ಸಮಾಧಾನ; ವಕೀಲರಿಗೆ ಒಂದೇ ಬೆಳಗಿನ ಕೆಲಸ; ತಂದೆಗೆ ಮಗ ಮನೆಗೆ ಬಂದ ಸಂತೋಷ. ಇಷ್ಟು ಜನಕ್ಕೆ ಒಮ್ಮೆಗೇ ಅನುಕೂಲವಾಗುವ ಏರ್ಪಾಟಿನಲ್ಲಿ ನಷ್ಟ ಯಾರದೆಂದು ಯಾರೂ ಕೇಳುವುದಿಲ್ಲ.

ನಷ್ಟದ ಲೆಕ್ಕ ಹೀಗಿದೆ. ತಪ್ಪೊಪ್ಪಿ ದಂಡ ಕಟ್ಟುವುದೆಂದರೆ ಸಂಚಾರಿ ಪೋಲೀಸಿಗೆ ಶಿರಸ್ತ್ರಾಣದ ದಂಡ ಕಟ್ಟಿದಂತಲ್ಲ. ಅದು ದೋಷನಿರ್ಣಯ. ದಂಡದ ರಸೀದಿ ಎಷ್ಟೇ ಸಣ್ಣದಾಗಿರಲಿ, ಆ ಹುಡುಗ ಅಂದಿನಿಂದ ಮಾದಕ ದ್ರವ್ಯದ ಕಾಯಿದೆಯ ಮೇರೆಗೆ ಶಿಕ್ಷೆಗೊಳಗಾದವನು. ಮೇಲ್ಮನವಿಗೆ ಹೋಗೋಣವೆಂದರೆ, ತಪ್ಪೊಪ್ಪಿಕೊಂಡವನು ಶಿಕ್ಷೆ ಹೆಚ್ಚಾಯಿತು ಅಥವಾ ಅದು ಕಾನೂನುಬದ್ಧವಲ್ಲ ಎನ್ನಬಹುದೇ ಹೊರತು, ತಾನು ತಪ್ಪು ಮಾಡಲಿಲ್ಲವೆಂದು ಹೇಳುವಂತಿಲ್ಲ. ಮುಂದೆ ಅಂಥದೇ ಶಿಕ್ಷೆಯುಳ್ಳ ಅಪರಾಧದಲ್ಲಿ ಮತ್ತೆ ದೋಷಿಯೆನಿಸಿದರೆ ಗರಿಷ್ಠ ಶಿಕ್ಷೆ ಒಂದೂವರೆ ಪಟ್ಟಿಗೆ ಏರುತ್ತದೆ. ಸರ್ಕಾರಿ ನೌಕರಿಯ ಅರ್ಜಿಯಲ್ಲಿ "ನೀವು ಯಾವುದಾದರೂ ಅಪರಾಧದಲ್ಲಿ ಶಿಕ್ಷೆ ಹೊಂದಿದ್ದೀರಾ?" ಎಂಬ ಕಾಲಂ ಇರುತ್ತದೆ. ಹೌದೆಂದರೆ ಒಂದು ಕಷ್ಟ. ಇಲ್ಲವೆಂದು ಬರೆದರೆ ಸತ್ಯ ಮುಚ್ಚಿಟ್ಟ ಇನ್ನೊಂದು ಅಪರಾಧ.

ಇನ್ನು ನಮ್ಮ ಬೆಂಗಳೂರಿನ ಅರ್ಧ ಮನೆಗಳ ಕನಸಾದ ಅಮೆರಿಕ. ಆ ದೇಶದ ವಲಸೆ ಕಾನೂನಿನಲ್ಲಿ ಮಾದಕ ದ್ರವ್ಯದ ದೋಷನಿರ್ಣಯವಿದ್ದವನಿಗೆ ಪ್ರವೇಶ ನಿಷಿದ್ಧ. ವಿಶೇಷ ವಿನಾಯಿತಿ ಸಿಕ್ಕಿದರುಂಟು, ಇಲ್ಲವಾದರೆ ಇಲ್ಲ. ದಂಡ ಹತ್ತು ಸಾವಿರವೋ ಐನೂರೋ ಎಂದು ಅವರು ಕೇಳುವುದಿಲ್ಲ. "ಊಟದ ಹೊತ್ತಿಗೆ ಮನೆಯಲ್ಲಿರುತ್ತಾನೆ" ಎಂಬ ಮಾತಿನಲ್ಲಿ ಹುಡುಗ ಮುಂದೆಯೂ ಮನೆಯಲ್ಲೇ ಇರಬೇಕಾಗುತ್ತದೆಂಬ ಅರ್ಥ ಅಡಗಿದೆಯೆಂದು ಆ ತಂದೆಗೆ ಯಾರು ಹೇಳಬೇಕಿತ್ತು?

ಎದುರು ಪಕ್ಷಕ್ಕೂ ಒಂದು ಬಲವಾದ ಮಾತಿದೆ, ಅದನ್ನು ಮುಚ್ಚಿಡಲಾರೆ. ಕೇಸು ನಡೆಸುತ್ತ ಕುಳಿತರೆ ಎರಡು ಮೂರು ವರ್ಷ ಅದು ತೂಗುತ್ತದೆ. ಕ್ರಿಮಿನಲ್ ಮೊಕದ್ದಮೆ ಬಾಕಿಯಿರುವವನಿಗೆ ಪಾಸ್‌ಪೋರ್ಟನ್ನು ನಿರಾಕರಿಸಲು 1967ರ ಪಾಸ್‌ಪೋರ್ಟ್ ಕಾಯಿದೆಯಲ್ಲಿ ಅಧಿಕಾರವಿದೆ. ನ್ಯಾಯಾಲಯದ ಅನುಮತಿ ತರಬೇಕು. ಅದೇ ದಂಡ ಕಟ್ಟಿ ಮುಗಿಸಿದವನಿಗೆ ಆ ಅಡ್ಡಿಯಿಲ್ಲ, ಏಕೆಂದರೆ ಆ ಕಾಯಿದೆ ಅಡ್ಡಗಟ್ಟುವುದು ನೈತಿಕ ಅಧಃಪತನದ ಅಪರಾಧದಲ್ಲಿ ಎರಡು ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸ ಪಡೆದವನನ್ನು. ಆದ್ದರಿಂದ ನೌಕರಿಗೆ ಸೇರುವ ದಿನ ಹತ್ತಿರವಾದ ಹುಡುಗನಿಗೆ ಒಪ್ಪಿಕೊಳ್ಳುವುದೇ ಜಾಣತನವಾಗಿ ಕಾಣುತ್ತದೆ. ತಿಳಿದು, ತೂಗಿನೋಡಿ, ಅವನೇ ಆ ದಾರಿ ಹಿಡಿದರೆ ನನ್ನ ಆಕ್ಷೇಪಣೆಯಿಲ್ಲ. ತಿಳಿಯದೆ, ವರಾಂಡದಲ್ಲಿ, ಐದು ನಿಮಿಷದಲ್ಲಿ ಹಿಡಿಯುವುದಕ್ಕೆ ಆಕ್ಷೇಪಣೆ.

ಹಾಗಾದರೆ ತಿಳಿಯಬೇಕಾದದ್ದು ಏನು?

ಮೊದಲನೆಯದು, ಹುಡುಗನ ಮೇಲೆ ಹೊರಿಸಿರುವುದು ಯಾವ ಕಲಮು ಎಂಬುದು. ಸೇದಿದ್ದಕ್ಕೆ 27ನೆಯ ಕಲಮು. ಗಾಂಜಾ ಆದರೆ ಹೆಚ್ಚೆಂದರೆ ಆರು ತಿಂಗಳು, ಅಥವಾ ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ಇಟ್ಟುಕೊಂಡದ್ದಕ್ಕೆ 20ನೆಯ ಕಲಮು. ಅಲ್ಪ ಪ್ರಮಾಣವಾದರೆ ಒಂದು ವರ್ಷದವರೆಗೆ, ಅಥವಾ ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ಇಪ್ಪತ್ತೇಳರ ಪಕ್ಕದಲ್ಲಿ 27ಎ ಎಂಬುದೊಂದು ಕುಳಿತಿದೆ. ಅದು ಮಾದಕ ದ್ರವ್ಯದ ವ್ಯಾಪಾರಕ್ಕೆ ಬಂಡವಾಳ ಹೂಡಿದವರಿಗಾಗಿ ಮಾಡಿದ್ದು. ಕಡಮೆಯೆಂದರೆ ಹತ್ತು ವರ್ಷ, ಜಾಮೀನು ದುರ್ಲಭ. ಸ್ನೇಹಿತನ ಪೊಟ್ಟಣಕ್ಕೆ ಮೊಬೈಲಿನಲ್ಲಿ ಐನೂರು ರೂಪಾಯಿ ಕಳುಹಿಸಿದ ಹುಡುಗನ ಮೇಲೂ ಇದನ್ನು ಹೊರಿಸಲು ಹೋಗುವವರುಂಟು. ಬಾಂಬೆ ಹೈಕೋರ್ಟು 2020ರಲ್ಲಿ ಜಾಮೀನು ಅರ್ಜಿಯೊಂದನ್ನು ವಿಚಾರಿಸುತ್ತ, ಒಬ್ಬನ ಸೇವನೆಗಾಗಿ ಹಣ ಕೊಡುವುದು ಬಂಡವಾಳ ಹೂಡಿದಂತಾಗದು ಎಂದು ಹೇಳಿತು. ಒಂದು ಅಕ್ಷರದ ಅಂತರ, ಹತ್ತು ವರ್ಷದ ಅಂತರ. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಕೈಯಲ್ಲಿ ಹಿಡಿದು ಓದದೆ ತಲೆದೂಗಿದವನು ಯಾವುದಕ್ಕೆ ತಲೆದೂಗಿದೆನೆಂದು ಅರಿಯನು.

ಎರಡನೆಯದು, ದಸ್ತಗಿರಿಯೇ ಅನಿವಾರ್ಯವಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಪೋಲೀಸಿನವರು ಯಾಂತ್ರಿಕವಾಗಿ ಬಂಧಿಸಕೂಡದು, ನೋಟೀಸು ಕೊಟ್ಟು ಕರೆಸಬೇಕು, ಬಂಧಿಸಿದರೆ ಕಾರಣ ಬರೆದಿಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಅರ್ನೇಶ್ ಕುಮಾರ್ ಮೊಕದ್ದಮೆಯಲ್ಲಿ ಕಟ್ಟಪ್ಪಣೆ ಮಾಡಿದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ 35ನೆಯ ಕಲಮಿನಲ್ಲಿ ನೋಟೀಸಿನ ಏರ್ಪಾಟಿದೆ. ಬಂಧಿಸಿದರೂ ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ಅಲ್ಪ ಪ್ರಮಾಣದ ಕೇಸಿಗೆ 37ನೆಯ ಕಲಮಿನ ಕಟ್ಟು ತಗಲುವುದಿಲ್ಲ. ಜಾಮೀನು ಆಪಾದಿತನ ಹಕ್ಕೋ ನ್ಯಾಯಾಲಯದ ವಿವೇಚನೆಯೋ ಎಂಬುದರಲ್ಲಿ ಉಚ್ಚ ನ್ಯಾಯಾಲಯಗಳೇ ಒಮ್ಮತಕ್ಕೆ ಬಂದಿಲ್ಲವಾದರೂ, ಕೇಳಿದರೆ ಸಾಮಾನ್ಯವಾಗಿ ಸಿಕ್ಕುತ್ತದೆ. "ಒಪ್ಪಿಕೊಂಡರೆ ಮಾತ್ರ ಈವತ್ತು ಮನೆಗೆ" ಎಂಬುದು ಸುಳ್ಳು. ಜಾಮೀನಿನ ಮೇಲೆಯೂ ಮನೆಗೆ ಬರಬಹುದು.

ವಕೀಲರಿಗೆ ಕೊಡಲು ಹಣವಿಲ್ಲದವರ ಗತಿ? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಮೇರೆಗೆ ಬಂಧನದಲ್ಲಿರುವ ಯಾವನೇ ಆಗಲಿ, ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹ. ನಮ್ಮ ಮಧ್ಯಮ ವರ್ಗದವರಿಗೆ ಇದು ಗೊತ್ತಿಲ್ಲ. ಗೊತ್ತಿದ್ದರೂ "ಧರ್ಮಾರ್ಥದ ವಕೀಲರು" ಎಂದು ಮೂಗು ಮುರಿಯುತ್ತಾರೆ. ಧರ್ಮಾರ್ಥದವರು ಕೊನೆಯ ಪಕ್ಷ ಊಟದ ಹೊತ್ತಿಗೆ ಮುಗಿಸುವ ಆತುರದಲ್ಲಿರುವುದಿಲ್ಲ.

ಇನ್ನು ಕೇಸಿನ ಸತ್ವ. ಈ ಕಾಯಿದೆ ಶಿಕ್ಷೆಯಲ್ಲಿ ಎಷ್ಟು ಕ್ರೂರವೋ ವಿಧಿವಿಧಾನಗಳಲ್ಲಿ ಅಷ್ಟೇ ಕಟ್ಟುನಿಟ್ಟು. ಆ ಕಟ್ಟುನಿಟ್ಟೇ ಪ್ರಜೆಯ ರಕ್ಷೆ. ಮೈ ಶೋಧಿಸುವ ಮುನ್ನ, ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲೇ ಶೋಧನೆಯಾಗಬೇಕೆಂದು ಕೇಳುವ ಹಕ್ಕು ನಿನಗಿದೆ ಎಂದು ತಿಳಿಸಬೇಕು. ಇದು 50ನೆಯ ಕಲಮು. ಈ ಕಟ್ಟಳೆಯನ್ನು ಚಾಚೂ ತಪ್ಪದೆ ಪಾಲಿಸಲೇಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ಹೇಳಿದೆ. (ಕೈಚೀಲವನ್ನು ಶೋಧಿಸಿದರೆ ಮಾತ್ರ ಈ ರಕ್ಷೆಯಿಲ್ಲ; ಮೈಗೂ ಚೀಲಕ್ಕೂ ಕಾನೂನು ಭೇದವೆಣಿಸುತ್ತದೆ.) ಹೆಂಗಸರನ್ನು ಹೆಂಗಸರೇ ಶೋಧಿಸಬೇಕು. ಅಧಿಕಾರಿಗಳ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗದೆಂದು 2020ರ ತೂಫಾನ್ ಸಿಂಗ್ ತೀರ್ಪು ಇದೆ. ಗಾಂಜಾ ಎಂದರೆ ಕಾಯಿದೆಯ ವ್ಯಾಖ್ಯೆಯಲ್ಲಿ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿಗಳು. ಬರಿಯ ಎಲೆ, ಬರಿಯ ಬೀಜ ಗಾಂಜಾ ಅಲ್ಲ. ಪೊಟ್ಟಣದಲ್ಲಿದ್ದದ್ದು ಏನೆಂದು ಪ್ರಯೋಗಶಾಲೆಯ ವರದಿ ಹೇಳಬೇಕೇ ಹೊರತು ಮಹಜರಿನಲ್ಲಿ "ಗಾಂಜಾದಂತೆ ವಾಸನೆ ಬರುತ್ತಿತ್ತು" ಎಂದು ಬರೆದರೆ ಸಾಲದು. ಆ ವರದಿ ಬರುವುದಕ್ಕೆ ಮೊದಲೇ ಹುಡುಗ ಒಪ್ಪಿಕೊಂಡರೆ, ಏನನ್ನು ಒಪ್ಪಿಕೊಂಡ?

2021ರ ಅಕ್ಟೋಬರಿನಲ್ಲಿ ಮುಂಬಯಿಯ ಹಡಗಿನ ಪ್ರಕರಣ ಓದುಗರಿಗೆ ನೆನಪಿರಬೇಕು. ಹಿಂದೀ ಚಿತ್ರನಟರೊಬ್ಬರ ಮಗನನ್ನು ಬಂಧಿಸಿದರು. ಅವನ ಬಳಿ ಏನೂ ಸಿಕ್ಕಿರಲಿಲ್ಲ. ಮೂರು ವಾರಕ್ಕೂ ಮೇಲ್ಪಟ್ಟು ಅವನು ಬಂಧನದಲ್ಲಿದ್ದ. ಊರೆಲ್ಲ ಅವನನ್ನು ಅಪರಾಧಿಯೆಂದು ತೀರ್ಮಾನಿಸಿತ್ತು. 2022ರ ಮೇ ತಿಂಗಳಲ್ಲಿ ದೋಷಾರೋಪಣ ಪಟ್ಟಿ ಬಂದಾಗ, ಸಾಕಷ್ಟು ಸಾಕ್ಷ್ಯವಿಲ್ಲವೆಂದು ಅವನ ಹೆಸರನ್ನೇ ಬಿಟ್ಟಿದ್ದರು. ಅವನ ತಂದೆಗೆ ದೇಶದ ದೊಡ್ಡ ದೊಡ್ಡ ವಕೀಲರನ್ನು ನಿಲ್ಲಿಸುವ ಶಕ್ತಿಯಿತ್ತು. ನಮ್ಮ ಗುಮಾಸ್ತರ ಮಗ ಇದೇ ಸ್ಥಿತಿಯಲ್ಲಿದ್ದಿದ್ದರೆ ಅವನನ್ನು ಕೇಳುತ್ತಿದ್ದವರಾರು?

ಇಷ್ಟು ಹೊತ್ತು ನಾನು ಹೇಳಿದ್ದು ಕೇಸನ್ನು ಎದುರಿಸುವ ಮಾತು. ಹುಡುಗ ನಿಜವಾಗಿಯೂ ಸೇದಿದ್ದರೆ? ಜೇಬಿನಲ್ಲಿದ್ದದ್ದು ನಿಜವಾಗಿಯೂ ಗಾಂಜಾವೇ ಆಗಿದ್ದರೆ? ನನ್ನ ನಿಜವಾದ ಜಗಳ ಇರುವುದು ಇಲ್ಲಿಯೇ.

ಕಾಯಿದೆಯಲ್ಲಿ 64ಎ ಎಂಬ ಕಲಮಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆಪಾದನೆಗೆ ಒಳಗಾದ ವ್ಯಸನಿ ತಾನಾಗಿ ಮುಂದೆ ಬಂದು, ಸರ್ಕಾರದ ಅಥವಾ ಸರ್ಕಾರ ಮಾನ್ಯಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ, ಅವನ ಮೇಲೆ ಮೊಕದ್ದಮೆಯೇ ಇಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಂಥ ಸಂಸ್ಥೆ ಮನೆಬಾಗಿಲಲ್ಲೇ ಇದೆ. 39ನೆಯ ಕಲಮು ಇನ್ನೊಂದು: ದೋಷಿಯೆಂದು ತೀರ್ಮಾನವಾದ ಮೇಲೂ, ವ್ಯಸನಿಯಾದವನ ವಯಸ್ಸು, ನಡತೆ, ದೇಹಸ್ಥಿತಿಗಳನ್ನು ನೋಡಿ, ಸೆರೆಮನೆಗೆ ಬದಲು ಮುಚ್ಚಳಿಕೆ ಬರೆಸಿಕೊಂಡು ಚಿಕಿತ್ಸೆಗೆ ಕಳುಹಿಸಬಹುದು. ಒಳ್ಳೆಯ ಕಲಮುಗಳು, ಮಾಡಿದವರಿಗೆ ನಮಸ್ಕಾರ. 2001ರಲ್ಲಿ ಕೊಕೇನ್ ಪ್ರಕರಣದಲ್ಲಿ ಬಂಧಿತರಾದ ಮುಂಬಯಿಯ ನಟರೊಬ್ಬರು ಚಿಕಿತ್ಸೆ ಪಡೆದು 2012ರಲ್ಲಿ 64ಎ ಮೇರೆಗೆ ವಿಮುಕ್ತರಾದರು. ಹನ್ನೊಂದು ವರ್ಷ ಹಿಡಿದರೂ ಆ ಬಾಗಿಲು ತೆರೆಯುತ್ತದೆಂದು ತೋರಿತು.

ಆದರೆ ಎರಡು ಕಲಮುಗಳಲ್ಲೂ ಇರುವ ಪದ "ವ್ಯಸನಿ." ಕಾಯಿದೆ ಅದಕ್ಕೆ ಅರ್ಥವನ್ನೂ ಹೇಳಿದೆ: ಮಾದಕ ದ್ರವ್ಯಕ್ಕೆ ದಾಸನಾದವನು, ಅದಿಲ್ಲದೆ ಇರಲಾರದವನು. ಹಾಗಾದರೆ ವಸತಿಗೃಹದ ಮಹಡಿಯಲ್ಲಿ ಸ್ನೇಹಿತರ ಬಲವಂತಕ್ಕೆ ಎರಡು ದಮ್ಮು ಎಳೆದ ಹುಡುಗ? ಅವನು ವ್ಯಸನಿಯಲ್ಲ. ಆದ್ದರಿಂದ ಅವನಿಗೆ ಚಿಕಿತ್ಸೆಯ ಬಾಗಿಲೂ ಇಲ್ಲ, ಕ್ಷಮೆಯ ಬಾಗಿಲೂ ಇಲ್ಲ! ಐದು ವರ್ಷ ನಿತ್ಯ ಸೇದಿದವನಿಗೆ ಮೊಕದ್ದಮೆಯಿಂದ ವಿನಾಯಿತಿ. ಒಂದು ಸಲ ಸೇದಿದವನಿಗೆ ದೋಷನಿರ್ಣಯ. ರೋಗ ಬಲಿತವನಿಗೆ ಔಷಧ ಕೊಟ್ಟು, ನೆಗಡಿಯಾದವನನ್ನು ಊರಾಚೆ ಕಳುಹಿಸುವ ವೈದ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೆಲವು ವಕೀಲರು ವ್ಯಸನಿಯಲ್ಲದ ಹುಡುಗನನ್ನೂ ವ್ಯಸನಿಯೆಂದು ಬರೆಸಿ ಆಸ್ಪತ್ರೆಗೆ ಸೇರಿಸುವ ಯೋಚನೆ ಮಾಡುತ್ತಾರೆ. ಸುಳ್ಳು ಹೇಳಿದರೆ ಮಾತ್ರ ತೆರೆಯುವ ಬಾಗಿಲನ್ನು ಕಾನೂನಿನ ಬಾಗಿಲೆನ್ನಲು ನನಗೆ ಮನಸ್ಸೊಪ್ಪದು.

ಮೊದಲ ಸಲದವರಿಗೆಂದೇ ನಮ್ಮ ದೇಶದಲ್ಲಿ ಬೇರೆ ಕಾನೂನಿಲ್ಲವೆ? ಇದೆ. 1958ರಲ್ಲಿ ಪಾರ್ಲಿಮೆಂಟು ಪ್ರೊಬೇಷನ್ ಕಾಯಿದೆ ಮಾಡಿತು. ಹಿಂದೆ ಶಿಕ್ಷೆಯಾಗದವನನ್ನು ಎಚ್ಚರಿಕೆ ಹೇಳಿ ಬಿಡಬಹುದು, ಅಥವಾ ಸನ್ನಡತೆಯ ಮುಚ್ಚಳಿಕೆಯ ಮೇಲೆ, ಬೇಕಾದರೆ ಪ್ರೊಬೇಷನ್ ಅಧಿಕಾರಿಯ ಕಣ್ಗಾವಲಿನಲ್ಲಿ ಬಿಡಬಹುದು. ಇಪ್ಪತ್ತೊಂದು ತುಂಬದವನನ್ನು ಸೆರೆಮನೆಗೆ ಕಳುಹಿಸುವುದಾದರೆ ಕಾರಣ ಬರೆಯಬೇಕು. ಹಾಗೆ ಬಿಡುಗಡೆಯಾದವನಿಗೆ ದೋಷನಿರ್ಣಯಕ್ಕೆ ಅಂಟಿದ ಅನರ್ಹತೆ ತಗಲಬಾರದೆಂದು 12ನೆಯ ಕಲಮು ಹೇಳುತ್ತದೆ. (ಇದು ನಮ್ಮ ದೇಶದೊಳಗಿನ ಮಾತು, ಅಮೆರಿಕದವರಿಗೆ ಇದರಿಂದಲೂ ಸಮಾಧಾನವಾಗುವುದಿಲ್ಲ.) ಕಳ್ಳತನ ಮಾಡಿದವನಿಗೆ, ಹೊಡೆದಾಡಿದವನಿಗೆ, ಮೋಸ ಮಾಡಿದವನಿಗೆ ಈ ಕಾಯಿದೆ ಸಲ್ಲುತ್ತದೆ.

ಮಾದಕ ದ್ರವ್ಯದ ಕಾಯಿದೆಯ 33ನೆಯ ಕಲಮು ಇದನ್ನು ತಡೆದಿದೆ. ಹದಿನೆಂಟು ತುಂಬದವರಿಗೆ, ಮತ್ತು 26 ಹಾಗೂ 27ನೆಯ ಕಲಮುಗಳ ಅಪರಾಧಿಗಳಿಗೆ ಮಾತ್ರ ಪ್ರೊಬೇಷನ್. ಬೇರೆ ಯಾರಿಗೂ ಇಲ್ಲ. ಇಪ್ಪತ್ತೇಳು ಎಂದರೆ ಸೇವನೆ. ಸರಿ, ಸೇದಿದವನಿಗೆ ಪ್ರೊಬೇಷನ್ ಉಂಟು. ಇಪ್ಪತ್ತಾರು ಯಾರಿಗೆ? ಅಫೀಮು ಮೊದಲಾದವುಗಳ ಲೈಸೆನ್ಸು ಪಡೆದು ಸುಳ್ಳು ಲೆಕ್ಕ ಇಟ್ಟವನಿಗೆ, ಬೇಕೆಂದೇ ಲೈಸೆನ್ಸಿನ ಷರತ್ತು ಮುರಿದವನಿಗೆ! ಅವನಿಗೆ ಶಿಕ್ಷೆ ಮೂರು ವರ್ಷದವರೆಗೆ. ಅವನನ್ನು ಪ್ರೊಬೇಷನ್ನಿನ ಮೇಲೆ ಬಿಡಬಹುದು. ಜೇಬಿನಲ್ಲಿ ಹನ್ನೆರಡು ಗ್ರಾಂ ಇಟ್ಟುಕೊಂಡ ಇಪ್ಪತ್ತೆರಡರ ವಿದ್ಯಾರ್ಥಿಗೆ ಶಿಕ್ಷೆ ಒಂದೇ ವರ್ಷದವರೆಗೆ; ಅವನನ್ನು ಬಿಡುವಂತಿಲ್ಲ. ಸೇದಿ ಮುಗಿಸಿದವನಿಗೆ ದಯೆ, ಇನ್ನೂ ಸೇದದೆ ಜೇಬಿನಲ್ಲಿಟ್ಟವನಿಗೆ ದಯೆಯಿಲ್ಲ. ಯಾವ ನ್ಯಾಯಶಾಸ್ತ್ರದ ಪಂಡಿತರಾದರೂ ಇದಕ್ಕೆ ಸಮರ್ಥನೆ ಕೊಟ್ಟರೆ ಕೇಳಲು ನಾನು ಸಿದ್ಧ.

ಸಮರ್ಥನೆಯಿಲ್ಲ, ಇತಿಹಾಸವಿದೆ, ಅಷ್ಟೆ. 2001ಕ್ಕೆ ಮುಂಚೆ ಸ್ವಂತ ಬಳಕೆಗೆಂದು ಅಲ್ಪ ಪ್ರಮಾಣ ಇಟ್ಟುಕೊಳ್ಳುವುದೂ 27ನೆಯ ಕಲಮಿನಲ್ಲೇ ಇತ್ತು. ಆಗ 33ನೆಯ ಕಲಮಿನ ದಯೆ ಅವನಿಗೂ ಸಲ್ಲುತ್ತಿತ್ತು. ತಿದ್ದುಪಡಿ ಮಾಡುವಾಗ ಅಲ್ಪ ಪ್ರಮಾಣವನ್ನು ಅಲ್ಲಿಂದ ಎತ್ತಿ ಒಂದೊಂದು ದ್ರವ್ಯದ ಕಲಮಿನೊಳಗೆ ಹಂಚಿದರು. 33ನ್ನು ಹಾಗೆಯೇ ಬಿಟ್ಟರು. ಶಿಕ್ಷೆಯನ್ನು ಮೃದು ಮಾಡಲು ಹೊರಟ ತಿದ್ದುಪಡಿಯೇ ಅತ್ಯಂತ ಚಿಕ್ಕ ಅಪರಾಧಿಯ ಬಾಗಿಲನ್ನು ಮುಚ್ಚಿತು. ಮನೆ ಬದಲಾಯಿಸುವಾಗ ಗಾಡಿಗೆ ಹಾಕಲು ಮರೆತ ತೊಟ್ಟಿಲಿನಂತೆ ಆ ದಯೆ ಹಳೆಯ ಮನೆಯಲ್ಲೇ ಉಳಿದುಹೋಯಿತು.

ಪರಿಣಾಮ ವಿಚಿತ್ರವಾಗಿದೆ. ಹುಡುಗನ ಮೇಲೆ 20 ಮತ್ತು 27 ಎರಡನ್ನೂ ಹಾಕಿದ್ದರೆ, ವಕೀಲರ ನಿಜವಾದ ಕೆಲಸ 20ನ್ನು ಬೀಳಿಸಿ 27ನ್ನು ಮಾತ್ರ ಉಳಿಸುವುದು. ಇದಕ್ಕೆ ವಿಚಾರಣೆ ನಡೆಯಬೇಕು, ಸಾಕ್ಷಿಗಳ ಪಾಟೀಸವಾಲಾಗಬೇಕು. ಬೆಳಿಗ್ಗೆ ಬಂದು ಎರಡಕ್ಕೂ ತಲೆದೂಗಿ ದಂಡ ಕಟ್ಟಿದವನು, ಇದ್ದ ಒಂದು ಕಿಂಡಿಯನ್ನೂ ತಾನೇ ಮುಚ್ಚಿಕೊಂಡಂತೆ. ಹೊಸ ಸಂಹಿತೆಯಲ್ಲಿ ತಪ್ಪೊಪ್ಪಿಗೆಯ ಚೌಕಾಸಿಗೆ ಅವಕಾಶವಿದೆ. ಮೊದಲ ಸಲದವನಿಗೆ ಶಿಕ್ಷೆಯ ಆರನೆಯ ಒಂದು ಭಾಗಕ್ಕೆ ಇಳಿಸಬಹುದು ಎಂದಿದೆ. ಕೇಳಲು ಇಂಪಾಗಿದೆ. ಆದರೆ ಅದೂ ದೋಷನಿರ್ಣಯವೇ. ಅದೇ ಸಂಹಿತೆಯ 479ನೆಯ ಕಲಮು, ಹಿಂದೆ ಶಿಕ್ಷೆಯಾಗದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗ ಒಳಗಿದ್ದರೆ ಬಿಡಬೇಕೆನ್ನುತ್ತದೆ. ಒಂದು ವರ್ಷದ ಅಪರಾಧಕ್ಕೆ ನಾಲ್ಕು ತಿಂಗಳು ಒಳಗಿರುವ ಪ್ರಸಂಗವೇ ಬರಬಾರದು. ಬಂದರೆ ಅದು ಜಾಮೀನುದಾರ ಸಿಕ್ಕದ ಬಡವನಿಗೆ.

"ಹೀಗೆ ಬಾಗಿಲು ತೆರೆಯುತ್ತ ಹೋದರೆ ಮಾರುವವರೆಲ್ಲ ನಾವು ಸೇದುವವರೆಂದು ನುಸುಳುತ್ತಾರೆ" ಎನ್ನುತ್ತಾರೆ. ನುಸುಳದಂತೆ ತೂಕದ ಪಟ್ಟಿ ಇದೆಯಲ್ಲ! ಗಾಂಜಾದ ಗೆರೆ ಒಂದು ಕಿಲೋ ಎಂಬುದು ಹೆಚ್ಚಾಯಿತೆಂದು ಯಾರಾದರೂ ಹೇಳಿದರೆ, ಅದನ್ನು ಇಳಿಸಲು ನನ್ನ ಅಡ್ಡಿಯಿಲ್ಲ. "ಹೆದರಿಕೆ ಇರಬೇಕು" ಎನ್ನುತ್ತಾರೆ. ಹೆದರಿಕೆಯ ಕಾನೂನು ಬಂದು ನಲವತ್ತು ವರ್ಷ ಕಳೆಯಿತು. 2019ರಲ್ಲಿ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್‌ನವರು ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಕಾನೂನು ನಿಷೇಧಿಸಿರುವ ಗಾಂಜಾ ಚರಸ್‌ಗಳನ್ನೇ ಬಳಸುವವರು ದೇಶದಲ್ಲಿ ಸುಮಾರು 1.3 ಕೋಟಿ. ಕೇಸುಗಳ ಸಂಖ್ಯೆ ಇದರ ಮುಂದೆ ಯಾವ ಮೂಲೆಗೆ? ಸಿಕ್ಕಿಬೀಳುವವನು ಹೆಚ್ಚು ಸೇದಿದವನಲ್ಲ. ಹೊಂಚು ಅರಿಯದವನು, ಮೊದಲ ಸಲದವನು. ಹಳಬರು ಸಿಕ್ಕುವುದಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ತಪ್ಪೊಪ್ಪಿಗೆ ಬರೆದುಕೊಳ್ಳುವ ಮುನ್ನ, ಇದು ದೋಷನಿರ್ಣಯವಾಗುತ್ತದೆ, ನಿನಗೆ ಇಂಥಿಂಥ ದಾರಿಗಳಿವೆ, ಉಚಿತ ವಕೀಲರಿದ್ದಾರೆ ಎಂದು ನ್ಯಾಯಾಲಯ ಕನ್ನಡದಲ್ಲಿ, ಆ ಹುಡುಗನಿಗೆ ಅರ್ಥವಾಗುವ ಕನ್ನಡದಲ್ಲಿ, ಹೇಳಲಿ. ಹೊರರಾಜ್ಯದವನಾದರೆ ಅವನ ಭಾಷೆಯಲ್ಲಿ. ಎರಡನೆಯದು, 64ಎ ಮತ್ತು 39ರಲ್ಲಿ "ವ್ಯಸನಿ" ಎಂಬಲ್ಲಿ "ಸೇವಿಸಿದವನು" ಎಂದಾಗಲಿ. ವೈದ್ಯರು ಚಿಕಿತ್ಸೆ ಬೇಡವೆಂದರೆ ಬುದ್ಧಿವಾದ ಸಾಕು. ಮೂರನೆಯದು, 33ನೆಯ ಕಲಮಿನ ಕೊನೆಯಲ್ಲಿ "ಅಥವಾ ಅಲ್ಪ ಪ್ರಮಾಣಕ್ಕೆ ಸಂಬಂಧಿಸಿದ ಅಪರಾಧ" ಎಂಬ ಐದು ಪದ ಸೇರಲಿ.

ಪಾರ್ಲಿಮೆಂಟಿಗೆ ಬಿಡುವಿಲ್ಲವೆನ್ನುವಂತಿಲ್ಲ. 2014ರಲ್ಲಿ ಇದೇ ಕಾಯಿದೆಯನ್ನು ತಿದ್ದಿದರು. ಅಲ್ಪ ಪ್ರಮಾಣದ ಶಿಕ್ಷೆಯನ್ನು ಆರು ತಿಂಗಳಿಂದ ಒಂದು ವರ್ಷಕ್ಕೆ ಏರಿಸಿದರು. ಆ ತಿದ್ದುಪಡಿಯಲ್ಲೇ ವ್ಯಾಖ್ಯೆಯೊಂದರ ಕ್ರಮಾಂಕ ಬದಲಾಗಿ, 27ಎ ಕಲಮು ಬೇರೆ ಯಾವುದನ್ನೋ ಬೆರಳು ಮಾಡಿ ತೋರಿಸುತ್ತ ನಿಂತಿತು. ಏಳು ವರ್ಷ ಯಾರೂ ಅದನ್ನು ತಿದ್ದಲಿಲ್ಲ. 2021ರಲ್ಲಿ ತ್ರಿಪುರಾ ಹೈಕೋರ್ಟು ತೋರಿಸಿಕೊಟ್ಟಾಗ, ಸರ್ಕಾರ ಸೆಪ್ಟೆಂಬರಿನಲ್ಲೇ ಸುಗ್ರೀವಾಜ್ಞೆ ಹೊರಡಿಸಿತು. ಡಿಸೆಂಬರಿನಲ್ಲಿ ಪಾರ್ಲಿಮೆಂಟು ಅದನ್ನು ಕಾಯಿದೆ ಮಾಡಿ, 2014ರ ಮೇ 1ರಿಂದಲೇ ಜಾರಿಗೆ ಬಂದಂತೆ ಹಿಂದಕ್ಕೂ ಅನ್ವಯಿಸಿತು. ಆಪಾದಿತನಿಗೆ ಲಾಭವಾಗಬಹುದಾಗಿದ್ದ ಕೈತಪ್ಪನ್ನು ತಿದ್ದಲು ಮೂರು ನಾಲ್ಕು ತಿಂಗಳು ಸಾಕಾಯಿತು. 33ನೆಯ ಕಲಮಿನ ಕೈತಪ್ಪು 2001ರಿಂದ ಹಾಗೆಯೇ ಇದೆ.